ಪಡಸಾಲೆಯ ಸ್ಟುಡಿಯೋಗೆ ಸಂಜೆಯ ದೀಪ

ಬೆಟಗೇರಿಯಲ್ಲಿ ಹಗಲು ಹೊತ್ತು ಫೋಟೋ ತೆಗೆಸಿಕೊಳ್ಳಲು ಪುರುಸೊತ್ತು ಇದ್ದವರು ಎರಡೇ ಬಗೆಯ ಜನ, ಸಾಹುಕಾರರು ಮತ್ತು ಕೆಲಸವಿಲ್ಲದವರು. ಸಾಹುಕಾರರು ಗದಗಿನ ಪೇಟೆಯ ದೊಡ್ಡ ಸ್ಟುಡಿಯೋಗೆ ಹೋಗುತ್ತಿದ್ದರು. ಕೆಲಸವಿಲ್ಲದವರು ನನ್ನ ಪಡಸಾಲೆಗೆ ಬಂದು, ಗೋಡೆಯ ಮೇಲಿನ ಫೋಟೋಗಳನ್ನು ಒಂದೊಂದಾಗಿ ನೋಡಿ, ನೀರು ಕುಡಿದು ಹೋಗುತ್ತಿದ್ದರು. ಉಳಿದ ಊರೆಲ್ಲ ಬೆಳಗಿನಿಂದ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತರೆ ಏಳುತ್ತಿದ್ದುದು ಬೆಳಕು ಹೋದ ಮೇಲೆಯೇ. ನನ್ನ ಕ್ಯಾಮೆರಾಕ್ಕೆ ಬೇಕಾದದ್ದೂ ಅದೇ ಹಗಲಿನ ಬೆಳಕು. ಮಾಳಿಗೆಯ ಬೆಳಕಿಂಡಿಯನ್ನು ಅಗಲ ಮಾಡಿಸಿ ಗಾಜು ಕೂರಿಸಿ, ಕೆಳಗೆ ಬಿಳಿ ಮಾಂಜರಪಾಟಿನ ಪರದೆ ಕಟ್ಟಿದ್ದೆ. ಹೊತ್ತು ಇಳಿದರೆ ನನ್ನ ಅಂಗಡಿ ಮುಚ್ಚಿದಂತೆ.

ರಾಜ್ಯ ಒಂದಾದ ವರ್ಷ, ದಸರಾ ಮುಗಿದ ಮೇಲೆ, ಎರಡು ಓಣಿ ಆಚೆಯ ನೇಕಾರನೊಬ್ಬ ಸಂಜೆ ಬಂದು ಕಟ್ಟೆಯ ಮೇಲೆ ಕೂತ.

"ರಾಯರ, ದೀಪಾವಳಿಗೆ ಅಣ್ಣ ಬಂದು ನಮ್ಮವ್ವನ್ನ ಸೊಲ್ಲಾಪುರಕ್ಕ ಕರಕೊಂಡು ಹೋಗ್ತಾನ್ರಿ. ಅಲ್ಲೇ ಗಿರಣಿಯೊಳಗ ಅದಾನ ಅವ. ಹ್ವಾದ ಮ್ಯಾಲೆ ಆಕಿ ತಿರುಗಿ ಬರ್ತಾಳಂತ ನನಗ ಅನಸೂದಿಲ್ರಿ. ಎಲ್ಲಾರೂ ಕೂಡಿ ಕುಂತದ್ದೊಂದು ಫೋಟೋ ಬೇಕ್ರಿ."

"ನಾಳೆ ಮುಂಜಾನೆ ಕರಕೊಂಡು ಬಾ. ಬೆಳಕು ಛಲೋ ಇರ್ತದ."

"ಮುಂಜಾನಿ ಹೆಂಗ್ರಿ? ಹಬ್ಬದ ಸೀರಿ ಮಗ್ಗದ ಮ್ಯಾಲೆ ಅದಾವು. ಒಬ್ಬರು ಎದ್ರ ಎಲ್ಲಾರ ಕೆಲಸಾ ನಿಂದರತೈತಿ. ಹೊತ್ತು ಮುಣಿಗಿದ ಮ್ಯಾಲೆ ಬರ್ತೀವ್ರಿ."

ಅವ್ವನನ್ನು, ಆ ಅಜ್ಜಿಯೊಬ್ಬಳನ್ನಾದರೂ, ಹಗಲು ಕರೆದುಕೊಂಡು ಬಾ ಎಂದೆ. ಅವನ ಮುಖ ಇಳಿಯಿತು. "ಒಬ್ಬಾಕೀನ ಕುಂದರಿಸಿ ತಗದ್ರ ತೀರಿಕೊಂಡವರ ಫೋಟೋ ಆಕ್ಕೈತ್ರಿ. ಅದು ಬ್ಯಾಡ್ರಿ. ನಡುವ ಅವ್ವ, ಸುತ್ತ ನಾವು. ನಿಮ್ಮ ಮನ್ಯಾಗ ಕರೆಂಟ ಐತಲ್ರಿ?"

ಕರೆಂಟು ಇತ್ತು. ಅಡುಗೆಮನೆಯ ಬಾಗಿಲಲ್ಲಿ ಒಂದು ಬಲ್ಬು, ಪಡಸಾಲೆಯಲ್ಲಿ ಒಂದು. ಅಷ್ಟು ಬೆಳಕಿನಲ್ಲಿ ಚಪ್ಪಲಿ ಹುಡುಕಬಹುದು, ಫೋಟೋ ತೆಗೆಯಲು ಬರುವುದಿಲ್ಲ. ಆದರೂ ಆಗಲಿ ಎಂದುಬಿಟ್ಟೆ. ಆ ಒಂದು ಮಾತು ನನ್ನನ್ನು ದೀಪಾವಳಿಯ ತನಕ ಅಲೆಸಿತು.

ಮೊದಲು ಗ್ಯಾಸಬತ್ತಿ ನೋಡಿದೆ. ಮದುವೆ ಮೆರವಣಿಗೆಗೆ ಬಾಡಿಗೆ ಕೊಡುವವನಿಂದ ಎರಡು ತಂದು ಕುರ್ಚಿಯ ಎಡಕ್ಕೊಂದು ಬಲಕ್ಕೊಂದು ತೂಗುಹಾಕಿದೆ. ಕಣ್ಣಿಗೆ ಬೇಕಾದಷ್ಟು ಬೆಳಕು. ಆದರೆ ಗಾಜಿನ ಪ್ಲೇಟಿಗೆ ಅದು ಸಾಲದು. ಹೆಂಡತಿಯನ್ನು ಕೂರಿಸಿ, ಉಸಿರು ಬಿಗಿಹಿಡಿ ಎಂದು ಹೇಳಿ, ಅರ್ಧ ನಿಮಿಷ ಶಟರ್ ತೆರೆದಿಟ್ಟೆ. ತೊಳೆದು ನೋಡಿದರೆ ಆಕೆಗೆ ಎರಡು ಮೂಗು. "ಇದನ್ನ ನಮ್ಮ ತೌರುಮನಿಗೆ ಕಳಸಬ್ಯಾಡ್ರಿ" ಎಂದು ಹೇಳಿ ಒಳಗೆ ಹೋದಳು.

ಆಮೇಲೆ ಮ್ಯಾಗ್ನೇಶಿಯಂ ಪುಡಿ. ತಟ್ಟೆಯಲ್ಲಿ ಸುರುವಿ ಬೆಂಕಿ ಹಚ್ಚಿದರೆ ಕಣ್ಣು ಕೋರೈಸುವ ಬೆಳಕು ಬರುತ್ತದೆ, ಹಿಂದೆಯೇ ಬಿಳಿ ಹೊಗೆ ಮಾಳಿಗೆಯ ತೊಲೆ ಮುಟ್ಟುತ್ತದೆ. ಅದರ ಬೂದಿ ನಿಧಾನವಾಗಿ ಇಳಿದು ಗಳದ ಮೇಲೆ ಒಣಹಾಕಿದ್ದ ನನ್ನ ತಾಯಿಯ ಮಡಿ ಸೀರೆಯ ಮೇಲೆ ಕೂತಿತು. ತಾಯಿ ಸೀರೆ ನೋಡಿದಳು, ನನ್ನನ್ನು ನೋಡಿದಳು. "ನಿನ್ನ ಫೋಟೋದ ಸಲುವಾಗಿ ನಾ ದಿನಕ್ಕ ಎಷ್ಟು ಸರ್ತಿ ಸ್ನಾನ ಮಾಡಬೇಕು, ಅದೊಂದು ಹೇಳಿಬಿಡು" ಎಂದಳು. ಗೋಡೆಯ ಆಚೆ ಪಕ್ಕದ ಮನೆಯವರ ನೂಲಿನ ಗಂಟುಗಳು ಮಾಳಿಗೆ ಮುಟ್ಟ ಒಟ್ಟಿದ್ದವು. ಒಂದು ಕಿಡಿ ಹಾರಿದರೆ ಓಣಿಯೇ ಹೋಗುತ್ತದೆ ಎಂದು ಅವರೂ ಬಂದು ಹೇಳಿದರು. ಪುಡಿಯ ಡಬ್ಬಿಯನ್ನು ಕಟ್ಟಿ ಮೇಲಿಟ್ಟೆ.

ಲಕ್ಷ್ಮೇಶ್ವರದಲ್ಲಿ ಒಬ್ಬ ಫೋಟೋಗ್ರಾಫರ್ ಧಂದೆ ಬಿಟ್ಟು ದೀಪಗಳನ್ನು ಮಾರುತ್ತಿದ್ದಾನೆ ಎಂಬ ಖಬರು ಬಂತು. ಶಿರಹಟ್ಟಿಯ ಮೇಲೆ ಹಾಯ್ದು ಹೋದೆ. ದೀಪಗಳು ಇದ್ದದ್ದು ಖರೆ, ನಾಟಕ ಕಂಪನಿಯೊಂದು ಮುಂಡರಗಿಯ ಕ್ಯಾಂಪಿನಲ್ಲಿ ಮುಳುಗಿಹೋದಾಗ ಅವನು ಕೊಂಡವು. ಮನುಷ್ಯ ಒಳ್ಳೆಯವನು, ಚಹಾ ಕೊಟ್ಟು ಇದ್ದದ್ದನ್ನು ಇದ್ದಂತೆ ಹೇಳಿದ. "ಇವು ಅವರ ಡೈನಮೋದ ಲೆಕ್ಕದ ಬಲ್ಬು. ನಿಮ್ಮ ಮನೀ ಕರೆಂಟಿಗೆ ಹಚ್ಚಿದ್ರ ಒಮ್ಮೆ ಬೆಳಕು ಕೊಟ್ಟು ಸಾಯ್ತಾವು." ಬರಿಗೈಯಲ್ಲಿ ಹೊರಟೆ. ಯಳವತ್ತಿಯ ಹತ್ತಿರ ಬಸ್ಸು ಕೆಟ್ಟು ನಿಂತಿತು. ರಸ್ತೆಯ ಪಕ್ಕದ ಜಾಲಿಯ ನೆರಳಲ್ಲಿ ಕೂತು, ಈ ಅಜ್ಜಿ ಸೊಲ್ಲಾಪುರಕ್ಕೆ ಹೋದರೆ ನನಗೇನು, ಅವಳ ಮಗ ಹೇಳಿದ ಮಾತ್ರಕ್ಕೆ ನಾನ್ಯಾಕೆ ಊರೂರು ತಿರುಗಬೇಕು ಎಂದು ನನ್ನ ಮೇಲೆ ನಾನೇ ಸಿಟ್ಟು ಮಾಡಿಕೊಂಡೆ. ಸಿಟ್ಟಿಗೂ ತ್ರಾಣ ಬೇಕು, ಅದೂ ಉಳಿದಿರಲಿಲ್ಲ.

ಕೊನೆಗೆ ಹುಬ್ಬಳ್ಳಿಗೆ ಹೋಗಿ ಎರಡು ಫೋಟೋಫ್ಲಡ್ ಬಲ್ಬು ತಂದೆ. ನೋಡಲು ಮನೆಯ ಬಲ್ಬಿನ ಅಣ್ಣನಂತೆ ಇರುತ್ತವೆ, ಹಚ್ಚಿದರೆ ಹಗಲು. ಅಂಗಡಿಯವನು ಕಾಗದದಲ್ಲಿ ಸುತ್ತುತ್ತ ಎಚ್ಚರಿಸಿದ. "ಇದು ಮನೀ ದೀಪಲ್ಲ ಮತ್ತ. ಎರಡು ಮೂರು ತಾಸು ಉರದ್ರ ಇದರ ಆಯುಷ್ಯ ಮುಗೀತು. ಹಚ್ಚಿಟ್ಟು ಕುಂದರಬ್ಯಾಡ್ರಿ. ಫೋಟೋ ತಗಿಯೂ ಮುಂದ ಹಚ್ಚರಿ, ತಗದ ಕೂಡ್ಲೆ ಆರಸ್ರಿ." ಆ ಮಾತನ್ನು ನಾನು ವೇದದಂತೆ ಪಾಲಿಸಿದೆ. ಕೆಟ್ಟದ್ದು ಅಲ್ಲಿಯೇ.

ಕ್ರಮ ಹೀಗೆ ಇಟ್ಟುಕೊಂಡೆ. ಬೆಳಕು ಇರುವಾಗಲೇ ಖಾಲಿ ಕುರ್ಚಿಯ ಮೇಲೆ ಮೇಣದಬತ್ತಿ ಇಟ್ಟು ಫೋಕಸ್ ಹೊಂದಿಸಿ, ಕುರ್ಚಿಯ ಕಾಲಿನ ಸುತ್ತ ಸುಣ್ಣದ ಗುರುತು ಹಾಕುವುದು. ಮುಚ್ಚಂಜೆಗೆ ಗಿರಾಕಿಯನ್ನು ಕರೆತಂದು ಅದೇ ಗುರುತಿನ ಮೇಲೆ ಕೂರಿಸುವುದು. ಪ್ಲೇಟು ಹಾಕಿ, ಶಟರಿನ ರಬ್ಬರ್ ಉಂಡೆಯನ್ನು ಕೈಯಲ್ಲಿ ಹಿಡಿದು ನಾನು ಕ್ಯಾಮೆರಾದ ಪಕ್ಕ ನಿಲ್ಲುವುದು. ಆ ಉಂಡೆ ಒತ್ತಿದರೆ ಶಟರ್ ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ನಾನು ಹೂಂ ಎಂದ ಕೂಡಲೇ ಹೆಂಡತಿ ಗೋಡೆಯ ಗುಂಡಿ ಒತ್ತುವುದು, ದೀಪ ಹತ್ತಿದ ಕೂಡಲೇ ನಾನು ಉಂಡೆ ಒತ್ತುವುದು, ಆಕೆ ಆರಿಸುವುದು. ಬಲ್ಬಿನ ಆಯುಷ್ಯವನ್ನು ಹೀಗೆ ಚಿಟಿಕೆ ಚಿಟಿಕೆಯಾಗಿ ಖರ್ಚು ಮಾಡುವ ಲೆಕ್ಕ.

ಅಭ್ಯಾಸಕ್ಕೆಂದು ಪರಿಚಯದವರನ್ನು ಕೂರಿಸಿ ಹೆಗಲಿನಿಂದ ಮೇಲಷ್ಟೇ ಬರುವ ಫೋಟೋ ತೆಗೆದೆ. ಬೆಳಕು ಸರಿ, ಫೋಕಸ್ ಸರಿ, ಎಲ್ಲರ ಕಣ್ಣೂ ಮುಚ್ಚಿದ್ದವು. ತಲೆ ಸ್ವಲ್ಪ ಬಾಗಿ ಮುಖ ಅಲುಗಿತ್ತು. ದೀಪದ ಝಳ ಹೆಚ್ಚಾಗಿ ಕಣ್ಣು ಕುಕ್ಕುತ್ತಿದೆ ಎಂದುಕೊಂಡೆ. ದೀಪಗಳನ್ನು ಹಿಂದೆ ಸರಿಸಿದೆ, ಕಣ್ಣು ಮುಚ್ಚಿದ್ದವು. ಮುಂದೆ ತೆಳು ಮಲ್ಲಿನ ಬಟ್ಟೆ ಕಟ್ಟಿದೆ, ಬಟ್ಟೆ ಸುಟ್ಟಿತು, ಕಣ್ಣು ಮುಚ್ಚಿಯೇ ಇದ್ದವು. ದೀಪಗಳನ್ನು ಗೋಡೆಯ ಕಡೆ ತಿರುಗಿಸಿ ಸುಣ್ಣದ ಗೋಡೆಯಿಂದ ಬೆಳಕು ಮರಳಿ ಬರುವಂತೆ ಮಾಡಿದೆ. ನಮ್ಮ ಓಣಿಯ ಸಾಲಿ ಮಾಸ್ತರರು ಆ ಮೆತ್ತನೆಯ ಬೆಳಕಿನಲ್ಲಿಯೂ ಧ್ಯಾನಕ್ಕೆ ಕೂತವರಂತೆ ಬಂದರು. ನನಗೆ ಪ್ಲೇಟು ತೊಳೆಯುವ ಹುಮ್ಮಸ್ಸೇ ಹೋಯಿತು.

ಹಬ್ಬ ಹತ್ತಿರ ಬರುತ್ತಿತ್ತು. ಇನ್ನು ಕಾಯುವಂತಿಲ್ಲ, ಏನಾದರಾಗಲಿ ಎಂದು ನೇಕಾರನಿಗೆ ಹೇಳಿಕಳಿಸಿದೆ. ಅವನು, ಅವನ ಹೆಂಡತಿ, ತಮ್ಮ, ತಮ್ಮನ ಹೆಂಡತಿ, ಮಕ್ಕಳು, ಎಲ್ಲರೂ ಕೈಕಾಲು ತೊಳೆದು ಹೊಸ ಸೀರೆ ಅಂಗಿ ತೊಟ್ಟು ಬಂದರು. ಅಜ್ಜಿಯ ಕೈಯನ್ನು ಸೊಸೆ ಹಿಡಿದುಕೊಂಡಿದ್ದಳು. ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಣ್ಣು ತೆರೆದೇ ಇದ್ದವು, ನೋಟ ಹೋಗಿತ್ತು. ಆದರೂ ಕೈಯ ಅಂದಾಜಿನ ಮೇಲೆಯೇ ಮನೆಮಂದಿಗೆಲ್ಲ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುತ್ತಾಳೆ ಎಂದು ಮಗ ಹೇಳಿದ. ನೇಕಾರನ ಹೆಂಡತಿ ನನಗೊಂದು ಮಾತು ಹೇಳಿದಳು: "ಸೀರಿ ಅಂಚು ಬರೂವಂಗ ತಗೀರಿ, ನಾವ ನೇದದ್ದು." ಕೆಂಪು ಸೀರೆ ನನ್ನ ಪ್ಲೇಟಿನಲ್ಲಿ ಕರ್ರಗೆ ಬರುತ್ತದೆ, ಅಂಚೂ ಅದರಲ್ಲೇ ಮುಳುಗುತ್ತದೆ ಎಂದು ಆಕೆಗೆ ಹೇಳುವ ಧೈರ್ಯ ಆಗಲಿಲ್ಲ.

ಅಜ್ಜಿಯನ್ನು ನಡುವೆ ಕುರ್ಚಿಯಲ್ಲಿ ಕೂರಿಸಿ ಉಳಿದವರನ್ನು ಸುತ್ತ ನಿಲ್ಲಿಸಿದೆ. ಹೂಂ ಎಂದೆ. ದೀಪ ಹತ್ತಿತು, ಉಂಡೆ ಒತ್ತಿದೆ, ದೀಪ ಆರಿತು. ಎರಡನೆಯ ಪ್ಲೇಟು ಹಾಕಿ ಮತ್ತೆ ಹೂಂ ಎಂದೆ. ಈ ಸಲ ಬಲಗಡೆಯ ಬಲ್ಬು ಚಟ್ ಎಂದು ಒಡೆದು, ಅದರ ಜೊತೆ ಮೀಟರಿನ ಫ್ಯೂಸೂ ಹೋಗಿ ಮನೆಯೆಲ್ಲ ಕತ್ತಲಾಯಿತು. ಯಾರೂ ಅಲುಗಲಿಲ್ಲ. ಅಲುಗಬೇಡಿ ಎಂದು ನಾನೇ ಹೇಳಿದ್ದೆನಲ್ಲ.

ಆ ಕತ್ತಲಲ್ಲಿ ಅಜ್ಜಿ ಮಾತಾಡಿದಳು.

"ಲೇ ತಮ್ಮಾ, ಆಗಳೆ ದೀಪ ಹಚ್ಚಿದ್ರೇನು?"

"ಹೂಂ ಅವ್ವಾ. ಹಚ್ಚಿದ್ರು, ಈಗ ಹೋತು."

"ಎಲ್ಲಾರೂ ಕೈ ಮುಗದ್ರಿ. ಬಳಿ ಸಪ್ಪಳ ಕೇಳಿದೆ ನಾ. ನನಗೊಬ್ಬಾಕಿಗೆ ಹೇಳಲಿಲ್ಲ. ಸಂಜಿ ದೀಪಕ್ಕ ಕೈ ಮುಗೀದ ಕಲ್ಲಿನಂಗ ಕುಂತೆ ನೋಡು."

ನಾನು ಕ್ಯಾಮೆರಾ ಬಿಟ್ಟು ಮುಂದೆ ಬಂದೆ. "ಕೈ ಮುಗದ್ರೇನು ನೀವು?" ಎಂದು ಕೇಳಿದೆ.

"ದೀಪ ಹಚ್ಚಿದ್ರ ಮುಗೀತಾರಲ್ರಿ" ಎಂದಳು ಸೊಸೆ. ಇದೇನು ಕೇಳುತ್ತೀರಿ ಎಂಬ ದನಿ ಇತ್ತು ಅದರಲ್ಲಿ.

ಕೇಳುವಂಥದ್ದು ಏನೂ ಇರಲಿಲ್ಲ. ನಮ್ಮ ಕಡೆ ಸಂಜೆ ದೀಪ ಹತ್ತಿದ ಕೂಡಲೇ, ಅದು ಹಣತೆಯಿರಲಿ ಕಂದೀಲಿರಲಿ ಕರೆಂಟಿನ ಬಲ್ಬಿರಲಿ, ಕೈಗಳು ತಾವಾಗಿ ಎದೆಯ ಹತ್ತಿರ ಬಂದು ಕೂಡುತ್ತವೆ, ಕಣ್ಣು ಮುಚ್ಚುತ್ತವೆ. ಹುಟ್ಟಿದಾಗಿನಿಂದ ಮಾಡುವುದನ್ನು ಯಾರೂ ಮಾಡುತ್ತೇವೆ ಎಂದುಕೊಂಡು ಮಾಡುವುದಿಲ್ಲ. ನಾನು ಮುಚ್ಚಂಜೆಯ ಕತ್ತಲಲ್ಲಿ ಜನರನ್ನು ಕೂರಿಸಿ, ಮುಖದ ಮುಂದೆ ದೀಪ ಹಚ್ಚಿ, ಅದೇ ಕ್ಷಣಕ್ಕೆ ಫೋಟೋ ತೆಗೆಯುತ್ತಿದ್ದೆ.

ಎಲ್ಲರೂ ಹೋದ ಮೇಲೆ ಹೆಂಡತಿಯನ್ನು ಕೇಳಿದೆ. "ಇಷ್ಟು ದಿವಸ ಗುಂಡಿ ಒತ್ತಲಿಕ್ಕೆ ನಿಂತಾಕಿ ನೀನು. ನಿನಗ ಕಾಣಲಿಲ್ಲೇನು?"

"ನಾನೂ ಕಣ್ಣು ಮುಚ್ಚಿರ್ತಿದ್ದೆನಲ್ಲ" ಎಂದಳು.

ನನಗೆ ಯಾಕೆ ಕಾಣಲಿಲ್ಲ ಎಂಬುದು ಮರುದಿನ ಸಂಜೆ ತಿಳಿಯಿತು. ಫ್ಯೂಸ್ ತಂತಿ ಕಟ್ಟಿ, ಉಳಿದ ಒಂದು ಬಲ್ಬನ್ನು ಪರೀಕ್ಷಿಸಲು ಖಾಲಿ ಕುರ್ಚಿಯ ಮುಂದೆ ಕ್ಯಾಮೆರಾ ಇಟ್ಟು, ಉಂಡೆ ಹಿಡಿದು ನಿಂತಿದ್ದೆ. ಹೆಂಡತಿ ಗುಂಡಿ ಒತ್ತಿದಳು. ನನ್ನ ಎರಡೂ ಕೈ ಕೂಡಿದವು, ನಡುವೆ ಸಿಕ್ಕ ಉಂಡೆ ಅಮುಕಿ ಶಟರ್ ಕಿಚ್ ಎಂದಿತು. ಕಣ್ಣು ತೆರೆದಾಗ ಅದು ಮುಚ್ಚಿಯೂ ಆಗಿತ್ತು. ಇಷ್ಟು ದಿನ ನಾನು ಒತ್ತುತ್ತಿದ್ದೇನೆ ಎಂದುಕೊಂಡಿದ್ದೆ. ನಾನು ಕೈ ಮುಗಿಯುತ್ತಿದ್ದೆ, ಫೋಟೋ ತನ್ನಷ್ಟಕ್ಕೆ ಬೀಳುತ್ತಿತ್ತು. ನಗಬೇಕಿತ್ತು. ನನಗೆ ಅಳು ಬಂದಂತಾಯಿತು, ಹಾಗೇ ಕುರ್ಚಿಯ ಮೇಲೆ ಕೂತೆ.

ಸಾಲಿ ಮಾಸ್ತರರನ್ನು ಮತ್ತೆ ಕರೆದು ದೀಪ ಹತ್ತಿದಾಗ ಕೈ ಮುಗಿಯಬೇಡಿ ಎಂದು ಕೇಳಿಕೊಂಡೆ. ಅವರು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದು ಕೂತರು. ಕೈ ನಿಂತವು, ಕಣ್ಣು ಮುಚ್ಚಿದವು. ಒಳಗಿನಿಂದ ತಾಯಿ ಕೇಳಿದಳು: "ದೀಪಕ್ಕ ಕೈ ಮುಗೀಬ್ಯಾಡ್ರಿ ಅಂತ ಹೇಳೋ ಮನಿ ಯಾವಾಗ ಆತು ಇದು?" ಜನರನ್ನು ತಿದ್ದುವುದಕ್ಕಿಂತ ದೀಪವನ್ನು ಬದಲಿಸುವುದು ಸುಲಭ ಎಂದು ಅಲ್ಲಿ ತೀರ್ಮಾನಿಸಿದೆ.

ನನಗೆ ಬೇಕಾದದ್ದು ಪ್ರಖರವಾದ ದೀಪವಲ್ಲ, ಹಚ್ಚಿಡಬಹುದಾದ ದೀಪ. ಜನ ಬರುವ ಮುಂಚೆಯೇ ಉರಿಯುತ್ತಿರಬೇಕು. ಬಂದವರು ಕೈ ಮುಗಿದು, ಕೂತು, ಸೆರಗು ಸರಿ ಮಾಡಿಕೊಂಡು, ಎರಡು ಮಾತಾಡುವಷ್ಟು ಹೊತ್ತು ಉರಿದೇ ಇರಬೇಕು. ಎರಡು ಮೂರು ತಾಸಿನ ಆಯುಷ್ಯದ ಬಲ್ಬಿಗೆ ಅದು ಆಗದ ಮಾತು. ಮನೆಗೆ ಹಾಕುವ ಸಾದಾ ಬಲ್ಬುಗಳಲ್ಲೇ ದೊಡ್ಡವು, ಇನ್ನೂರು ವ್ಯಾಟಿನವು ಮೂರು ಸಾಕು ಎಂದು ಲೆಕ್ಕ ಹಾಕಿದೆ. ಬೆಳಕು ಅರ್ಧಕ್ಕೂ ಕಡಿಮೆ. ಅದನ್ನು ತುಂಬಿಕೊಳ್ಳಲು ಪ್ಲೇಟು ಬದಲಿಸಬೇಕು. ನನ್ನ ಪ್ಲೇಟಿಗೆ ಕೆಂಪು ಬಣ್ಣ ಕಾಣಿಸುತ್ತಿರಲಿಲ್ಲ, ಬಲ್ಬಿನ ಬೆಳಕಿನಲ್ಲಿ ಹೆಚ್ಚಿನ ಪಾಲು ಕೆಂಪೇ. ಕೆಂಪನ್ನೂ ಹಿಡಿಯುವ ಪ್ಲೇಟು ಹುಬ್ಬಳ್ಳಿಯಲ್ಲಿ ಸಿಕ್ಕಿತು. ಅದನ್ನು ಕೆಂಪು ದೀಪದಲ್ಲಿ ತೊಳೆಯುವಂತಿಲ್ಲ, ಪೂರ್ತಿ ಕತ್ತಲಲ್ಲಿ ಬೆರಳ ಅಂದಾಜಿನ ಮೇಲೆ ತೊಳೆಯಬೇಕು. ಕಂಡಿಕೆ ಸುತ್ತುವ ಅಜ್ಜಿಯ ನೆನಪು ಆಗ ಬರುತ್ತಿತ್ತು.

ತಗಡಿನ ಪತ್ರಾ ಕೆಲಸದವನಿಂದ ಚಿಮಣಿ ಎಣ್ಣೆಯ ಡಬ್ಬಿ ಕೊಯ್ಸಿ ದೀಪಕ್ಕೆ ಬೋಗುಣಿಯಂಥ ಮುಚ್ಚಿಗೆ ಮಾಡಿಸಿದೆ. ಹೊಳೆಯುವ ತಗಡು ಮುಖದ ಮೇಲೆ ಗೆರೆ ಗೆರೆ ಬೆಳಕು ಚೆಲ್ಲಿತು. ಒಳಗೆ ಸುಣ್ಣ ಬಳಿದ ಮೇಲೆ ಸರಿಯಾಯಿತು. ನೇಕಾರ ತನ್ನ ಮುರಿದ ಮಗ್ಗದ ಕಂಬ ಎರಡು ತಂದುಕೊಟ್ಟ, ಅವೇ ದೀಪದ ಕಂಬಗಳಾದವು. ಎಲ್ಲಾ ಬಂತು, ಬಲ್ಬು ಬರಲಿಲ್ಲ.

ರಾಜ್ಯ ಒಂದಾಗುವ ದಿನ ಎದುರಿಗಿತ್ತು. ಗದಗಿನ ಅಂಗಡಿಯಲ್ಲಿ ಕೇಳಿದರೆ, "ದೊಡ್ಡ ಬಲ್ಬು ಒಂದೂ ಇಲ್ರಿ. ಎಲ್ಲಾ ಮಂಟಪಕ್ಕ, ಕಮಾನಿಗೆ ಹ್ವಾದವು. ಕಾರ್ಯಕ್ರಮ ಮುಗದ ಮ್ಯಾಲೆ ಬರ್ರಿ" ಎಂದರು. ರಾಜ್ಯ ಒಂದಾದ ಸಂಜೆ ನಾನೂ ಪೇಟೆಯ ಗರ್ದಿಯಲ್ಲಿ ನಿಂತಿದ್ದೆ. ಕಮಾನಿನ ಬಲ್ಬುಗಳು ಒಮ್ಮೆಲೇ ಹತ್ತಿದವು. ನೆರೆದ ಜನವೆಲ್ಲ, ಟೊಪಿಗೆಯವರು, ರುಮಾಲಿನವರು, ಹೆಣ್ಣುಮಕ್ಕಳು, ಯಾರೂ ಹೇಳದೆ ಕೈ ಮುಗಿದರು. ಆ ದಿನ ಅದು ರಾಜ್ಯಕ್ಕೋ ದೀಪಕ್ಕೋ ಬೇರೆ ಮಾಡಿ ಹೇಳಲಾರೆ. ನಾನೂ ಮುಗಿದೆ. ಕಣ್ಣು ತೆರೆದು, ನನ್ನ ಮೂರು ಬಲ್ಬು ಇವುಗಳಲ್ಲಿ ಯಾವವು ಎಂದು ನೋಡುತ್ತ ನಿಂತೆ.

ಮರುದಿನ ಅವನ್ನೇ ಬಿಚ್ಚಿಸಿಕೊಂಡು ಬರುವಾಗ ನೇಕಾರ ದಾರಿಯಲ್ಲಿ ಸಿಕ್ಕ.

"ಅಣ್ಣ ಬಂದಿದ್ದ್ರಿ. ಇನ್ನ ಸೊಲ್ಲಾಪುರ ಬ್ಯಾರೆ ರಾಜ್ಯ, ಇದು ಬ್ಯಾರೆ ರಾಜ್ಯ, ಹಾದ್ಯಾಗ ಏನೇನ ಕೇಳ್ತಾರೋ ಅಂತ ಅಂಜಿದ. ಹಬ್ಬಕ್ಕೂ ನಿಂದರಲಿಲ್ರಿ, ಬೆಳಗಾಗೂದ್ರಾಗ ಗಾಡಿ ಇತ್ತು. ಅವ್ವನ್ನ ಕರಕೊಂಡು ಹ್ವಾದ್ರಿ."

ಕೈಯಲ್ಲಿ ಬಲ್ಬುಗಳ ಗಂಟು ಇತ್ತು. ಹೇಳಬೇಕಾದದ್ದನ್ನು ಅವನೇ ಹೇಳಿದ: "ನೀವೇನ ಮಾಡ್ತೀರಿ ರಾಯರ, ಅಷ್ಟ ಓಡ್ಯಾಡಿದ್ರಿ. ನಾವು ಬರ್ತೀವಿ, ಉಳದವರದ ತಗೀರಿ."

ಸಂಜೆ ಬಂದರು. ದೀಪಗಳು ಮೊದಲೇ ಉರಿಯುತ್ತಿದ್ದವು. ಬಾಗಿಲಲ್ಲಿ ನಿಂತು ಎಲ್ಲರೂ ಕೈ ಮುಗಿದು ಒಳಗೆ ಬಂದರು. ಅಜ್ಜಿಯ ಕುರ್ಚಿ ಗುರುತಿನ ಮೇಲೆಯೇ ಇತ್ತು. ಅದರಲ್ಲಿ ಯಾರೂ ಕೂರಲಿಲ್ಲ. ತೆಗೆದಿಡಲೇ ಎಂದು ಕೇಳಿದೆ, ಹೂಂ ಎಂದರು. ತೆಗೆದ ಮೇಲೂ ನಡುವೆ ಅಷ್ಟು ಜ್ಯಾಗ ಬಿಟ್ಟೇ ನಿಂತರು, ನಾನು ಹತ್ತಿರ ಸರಿಯಿರಿ ಎಂದು ಎರಡು ಸಲ ಹೇಳಬೇಕಾಯಿತು. ಉಂಡೆ ಒತ್ತಿ, ಮನಸ್ಸಿನಲ್ಲಿ ಒಂದು ಎರಡು ಎಂದು ಎಣಿಸಿ ಬಿಟ್ಟೆ. ಪ್ಲೇಟು ಚೊಕ್ಕಟವಾಗಿ ಬಂತು. ಎಲ್ಲರ ಕಣ್ಣೂ ತೆರೆದಿದ್ದವು, ಕೆಂಪು ಸೀರೆ ಕರ್ರಗಾಗದೆ ತಿಳಿಯಾಗಿ ಬಿದ್ದಿತ್ತು, ಅಂಚಿನ ಎಳೆ ಎಳೆ ಕಾಣುತ್ತಿತ್ತು. ನನ್ನ ಪಡಸಾಲೆಯಲ್ಲಿ ಸಂಜೆ ತೆಗೆದ ಮೊದಲ ಒಳ್ಳೆಯ ಫೋಟೋ ಅದು. ಆಮೇಲೆ ಎಷ್ಟೋ ವರ್ಷ ಅವೇ ಡಬ್ಬಿಯ ದೀಪಗಳಲ್ಲಿ ಬೆಟಗೇರಿಯ ಮಗ್ಗದವರ ಫೋಟೋ ತೆಗೆದೆ. ಆ ದಿನ ಮಾತ್ರ ಖುಷಿಯಾಗಲಿಲ್ಲ.

ಪ್ರಿಂಟು ಒಯ್ಯಲು ನೇಕಾರ ಬಂದ. ಬಾಗಿಲ ಬೆಳಕಿಗೆ ಹಿಡಿದು ನೋಡಿದ. "ಛಲೋ ಬಂದೈತ್ರಿ. ಅಂಚು ಸೈತ ಕಾಣ್ತೈತಿ" ಎಂದು ಪಕ್ಕಕ್ಕಿಟ್ಟ. ಹೋಗಲಿಲ್ಲ. "ಆ ಮೊದಲಿಂದು ಐತೇನ್ರಿ?" ಎಂದ.

"ಅದು ಕೆಟ್ಟದ್ದಪಾ. ತೊಳದು ನೋಡಿ ಹಂಗ ಇಟ್ಟೀನಿ."

"ತೋರಸ್ರಿ."

ಒಂದು ಪ್ರಿಂಟು ಹಾಕಿ, ಹಸಿಯಾಗಿರುವಾಗಲೇ ಕೊಟ್ಟೆ. ಸೀರೆಗಳೆಲ್ಲ ಕರ್ರಗೆ. ನಿಂತವರೆಲ್ಲ ಕಣ್ಣು ಮುಚ್ಚಿ ತಲೆ ಬಾಗಿಸಿದ್ದರು. ಮೇಲೇರುತ್ತಿದ್ದ ಕೈಗಳು ಮಸುಕು ಮಸುಕಾಗಿ ಎದೆಯ ಹತ್ತಿರ ಕೂಡಿದ್ದವು. ನಡುವೆ ಅಲುಗದೆ ಕೂತಿದ್ದವಳು ಅಜ್ಜಿಯೊಬ್ಬಳೇ. ಕಣ್ಣು ತೆರೆದಿತ್ತು. ಹಣೆಯ ಗೆರೆಗಳೆಲ್ಲ ಸ್ಪಷ್ಟ. ತೊಡೆಯ ಮೇಲಿನ ಕೈಯಲ್ಲಿ ಹೆಬ್ಬೆರಳು ತೋರುಬೆರಳಿಗೆ ತಾಗಿ, ನೂಲು ಹಿಡಿದಂತೆ ಇತ್ತು.

ಅವನು ಅದನ್ನೂ ಬಾಗಿಲ ಬೆಳಕಿಗೆ ಹಿಡಿದ. "ಅವ್ವ ಬಂದಾಳಲ್ರಿ" ಎಂದ.

"ನೀವೆಲ್ಲಾ ಕಣ್ಣು ಮುಚ್ಚೀರಲ್ಲೋ."

"ನಮ್ಮನ್ನ ಯಾರ ನೋಡಬೇಕ್ರಿ. ಇದನ್ನ ಎರಡು ಮಾಡ್ರಿ. ಒಂದು ಸೊಲ್ಲಾಪುರಕ್ಕ ಕಳಸ್ತೀನಿ. ಅಣ್ಣ ಅವ್ವಗ ಹೇಳ್ತಾನ, ನಾವು ಎಲ್ಲಾರೂ ಸುತ್ತ ಕೈ ಮುಗದು ನಿಂತೀವಿ, ನೀ ನಡುವ ಕುಂತೀದಿ ಅಂತ."

ಎರಡು ಮಾಡಿದೆ. ಪ್ಲೇಟನ್ನು ಒರೆಸಿ ಕಾಗದದಲ್ಲಿ ಸುತ್ತಿ ಒಳ್ಳೆಯ ಪ್ಲೇಟುಗಳ ಜೊತೆಗೆ ಇಟ್ಟೆ. ಆ ಮನೆಯವರೆಲ್ಲ ಅದರಲ್ಲಿದ್ದಾರೆ. ಕ್ಯಾಮೆರಾದ ಈ ಕಡೆ, ಎರಡು ಅಂಗೈಗಳ ನಡುವೆ ರಬ್ಬರ್ ಉಂಡೆ ಹಿಡಿದು, ಕಣ್ಣು ಮುಚ್ಚಿ, ನಾನೂ ಆ ಅಜ್ಜಿಯ ಎದುರಿಗೆ ಕೈ ಮುಗಿದು ನಿಂತಿದ್ದೆ. ಅದೊಂದು ಮಾತ್ರ ಫೋಟೋದಲ್ಲಿ ಬಂದಿಲ್ಲ.